ಜಯಣ್ಣನ ಕೆಮ್ಮಿಗೆ ಹನ್ನೊಂದು ಚೀಟಿ

ನಮ್ಮೂರಿನ ಲೈಬ್ರರಿಗೆ ಬರುವ ಕಾದಂಬರಿಗಳಿಗೆ ಕೊನೆಯ ಅಧ್ಯಾಯ ಇರುವುದಿಲ್ಲ. ಹಾಳೆಗಳಿರುತ್ತವೆ, ಪುಟಸಂಖ್ಯೆ ಇರುತ್ತದೆ, ಮೇಲುಗಡೆ ಅಧ್ಯಾಯದ ಅಂಕಿಯೂ ಇರುತ್ತದೆ, ಅದರ ಕೆಳಗೆ ಮಾತ್ರ ಖಾಲಿ. ಹನ್ನೊಂದು ಜನ ಓದಿ, ಹನ್ನೊಂದು ಚೀಟಿಯಲ್ಲಿ ತಮ್ಮ ಅಭಿಪ್ರಾಯ ಬರೆದು ಪೆಟ್ಟಿಗೆಗೆ ಹಾಕಿದರೆ ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಅಕ್ಷರ ಮೂಡಿರುತ್ತದೆ. ಉಳಿದ ಊರುಗಳಲ್ಲಿ ಪುಸ್ತಕ ಮುಗಿದೇ ಬರುತ್ತದಂತೆ. ಹಾಗಾದರೆ ಓದುವವರಿಗೆ ಅಲ್ಲಿ ಏನು ಕೆಲಸ ಎಂದು ನಮ್ಮವರು ಕೇಳುತ್ತಾರೆ.

ನಾನು ಈ ಲೈಬ್ರರಿಯ ಗ್ರಂಥಪಾಲಕ, ವಾಮನಯ್ಯ. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು. ಗ್ರಂಥಪಾಲಕ ಚೀಟಿ ಬರೆಯುವಂತಿಲ್ಲ, ಬೇರೆಯವರ ಚೀಟಿ ತಿದ್ದುವಂತಿಲ್ಲ, ಆದರೆ ಓದಬಹುದು. ಸಣ್ಣಪುಟ್ಟ ವಿಷಯಗಳಲ್ಲಿ ಎಲ್ಲರ ಮಾತೂ ಅಷ್ಟಿಷ್ಟು ಕೊನೆಯ ಅಧ್ಯಾಯದಲ್ಲಿ ಸೇರುತ್ತದೆ. ಸಾಯುವುದು, ಬದುಕುವುದು, ಕೂಡುವುದು, ಅಗಲುವುದು ಇಂಥ ದೊಡ್ಡ ವಿಷಯಕ್ಕೆ ಮಾತ್ರ ಯಾವ ಕಡೆ ಹೆಚ್ಚು ಚೀಟಿಯೋ ಅದೇ ಕಡೆ. ಒಂದು ಸಲ ಪತ್ತೇದಾರಿ ಕಾದಂಬರಿಗೆ ಹನ್ನೊಂದು ಜನವೂ ಬೇರೆ ಬೇರೆ ಕೊಲೆಗಾರನ ಹೆಸರು ಬರೆದು, ಕೊನೆಗೆ ಕೊಲೆಯಾದವನೇ ಎದ್ದು ಬಂದು ನನಗೇನೂ ಆಗಿಲ್ಲ, ಹೊಟ್ಟೆ ಹಸಿದಿದೆ ಎಂದ. ಅದಕ್ಕೂ ನಮ್ಮ ಜನ ಒಗ್ಗಿಕೊಂಡರು. ಅಕ್ಷರ ಮೂಡಿದ ದಿನ ಓದುಗರೆಲ್ಲ ಲೈಬ್ರರಿ ಜಗುಲಿಗೆ ಬರುತ್ತಾರೆ, ನಾನು ಆ ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತೇನೆ, ಮಂಡಕ್ಕಿ ಕಾಫಿ ಆಗುತ್ತದೆ, ಚೀಟಿಗಳನ್ನು ಕಾಫಿಯ ಒಲೆಗೇ ಹಾಕಿಬಿಡುತ್ತೇವೆ.

ಈ ವರ್ಷ ಯುಗಾದಿ ಕಳೆದು ಎರಡು ವಾರಕ್ಕೆ ಬಂದ ಕಟ್ಟಿನಲ್ಲಿ ‘ಡಿಪೋ ಹಿಂದಿನ ಮನೆ’ ಎಂಬ ಕಾದಂಬರಿ ಇತ್ತು. ಹೊಸ ಪುಸ್ತಕವನ್ನು ಮೊದಲು ನಾನೇ ಓದಿ ನೋಡುವುದು ಪದ್ಧತಿ. ಬೆಳಿಗ್ಗೆ ಹತ್ತಕ್ಕೆ ಹಿಡಿದವನು ಊಟಕ್ಕೂ ಏಳಲಿಲ್ಲ. ಮಾಧು ಎಂಬ ಬಸ್ ಡಿಪೋ ಮೆಕ್ಯಾನಿಕ್, ಅಲ್ಲಿನ ಕ್ಯಾಂಟೀನಿನಲ್ಲಿ ದೋಸೆ ಹುಯ್ಯುವ ಜಯಣ್ಣ. ಇಬ್ಬರಿಗೂ ಪ್ರೀತಿ. ಸ್ನೇಹ ಅಲ್ಲ, ಅಣ್ಣ ತಮ್ಮ ಅಲ್ಲ, ಪ್ರೀತಿ ಎಂದೇ ಬರೆದಿತ್ತು, ಮುಚ್ಚುಮರೆ ಇರಲಿಲ್ಲ. ಡಿಪೋ ಹಿಂದೆ ಒಂದು ಮನೆ ಹಿಡಿಯುತ್ತಾರೆ. ಜನ ಆಡಿಕೊಳ್ಳುತ್ತಾರೆ. ಹನ್ನೆರಡನೇ ಅಧ್ಯಾಯದಲ್ಲಿ ಜಯಣ್ಣನಿಗೆ ಕೆಮ್ಮು ಶುರುವಾಗುತ್ತದೆ. ಹದಿನೇಳನೆಯದರ ಕೊನೆಯಲ್ಲಿ ಅವನು ಹೊಸಿಲ ಮೇಲೆ ಕೂತು ಕೆಮ್ಮುತ್ತಿದ್ದಾನೆ, ಮಾಧು ಬಿಸಿನೀರಿನ ಚೊಂಬು ಹಿಡಿದು ನಿಂತಿದ್ದಾನೆ. ಅಲ್ಲಿಂದ ಮುಂದೆ ಬಿಳಿ ಹಾಳೆ. ಆ ಬಿಳಿ ಹಾಳೆ ನೋಡಲಾಗದೆ ಪುಸ್ತಕ ಮುಚ್ಚಿಬಿಟ್ಟೆ.

ಯಾಕೆ ಎಂದು ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳುವ ವಯಸ್ಸಲ್ಲ. ನನ್ನ ಮನೆಯ ಮಹಡಿ ಕೋಣೆಯನ್ನು ಕನ್ನಡಕದ ಅಂಗಡಿಯ ಪದ್ಮರಾಜ ಇಪ್ಪತ್ತೆರಡು ವರ್ಷದಿಂದ ಬಾಡಿಗೆಗೆ ಹಿಡಿದಿದ್ದಾನೆ ಎಂಬುದು ಊರಿಗೆ ಗೊತ್ತಿರುವ ವಿಷಯ. ಆ ಕೋಣೆಯಲ್ಲಿ ಅವನದೊಂದು ಮಂಚ ಇದೆ. ಅದರ ಮೇಲೆ ಈವರೆಗೆ ಮಲಗಿದ್ದು ಹಪ್ಪಳ ಮಾತ್ರ. ನಾವಿಬ್ಬರೂ ಗಂಡ ಹೆಂಡಿರು ಇರುವ ಹಾಗೆಯೇ ಇದ್ದೇವೆ, ಅಷ್ಟೇ ಪ್ರೀತಿ, ಅಷ್ಟೇ ಜಗಳ. ಇದನ್ನು ನಾನು ಯಾರ ಮುಂದೂ ಬಾಯಿಬಿಟ್ಟವನಲ್ಲ. ಊರಿನವರೂ ಕೇಳಿದವರಲ್ಲ.

ಊರಿನವರು ಕೇಳದಿದ್ದರೂ ಮೂರು ಸಲ ಉತ್ತರ ಮಾತ್ರ ಹೇಳಿದ್ದರು. ಗಂಡಸು ಗಂಡಸನ್ನು ಪ್ರೀತಿಸುವ ಕಾದಂಬರಿ ನಮ್ಮ ಲೈಬ್ರರಿಗೆ ಹಿಂದೆ ಮೂರು ಬಂದಿದ್ದವು. ಪದ್ಮರಾಜ ನನ್ನ ಮನೆಗೆ ಬಂದ ವರ್ಷವೇ ಬಂದ ಮೊದಲನೆಯದರಲ್ಲಿ ಒಬ್ಬ ಕೆರೆಗೆ ಬಿದ್ದು ಸತ್ತ. ಎರಡನೆಯದರಲ್ಲಿ ಒಬ್ಬ ಮದುವೆಯಾದ, ಇನ್ನೊಬ್ಬ ಯಾವುದೋ ಮಠ ಸೇರಿದ. ಮೂರನೆಯದರಲ್ಲಿ ಇಬ್ಬರೂ ರೈಲಿಗೆ ತಲೆ ಕೊಟ್ಟರು. ಆ ಮೂರೂ ನಾನು ಕೆಲಸಕ್ಕೆ ಸೇರುವ ಮೊದಲು, ಗುಂಡಾಚಾರ್ ಎಂಬುವರು ಗ್ರಂಥಪಾಲಕರಾಗಿದ್ದ ಕಾಲದಲ್ಲಿ ಆದದ್ದು. ರೈಲಿನ ಕಥೆ ಜಗುಲಿಯಲ್ಲಿ ಓದಿದ ದಿನ ಪದ್ಮರಾಜ ಮನೆಗೆ ಬಂದು ಎರಡು ದಿನ ಮಾತಾಡಲಿಲ್ಲ.

ಈಗ ಅವನಿಗೆ ಐವತ್ತಾರು. ಅವನ ಅಕ್ಕ ಅನಂತಮತಿ ತಮ್ಮ ಊರಿನಲ್ಲಿ ಬೀದಿಯ ಮೇಲಿನ ಒಂದು ಮಳಿಗೆ ಖಾಲಿ ಇದೆ, ನಮ್ಮ ಮನೆಯಲ್ಲೇ ಇರಬಹುದು, ವಯಸ್ಸಾದ ಮೇಲೆ ಬಾಡಿಗೆ ಕೋಣೆಯಲ್ಲಿ ಯಾಕೆ ಇರುತ್ತೀಯ, ಮೇ ತಿಂಗಳ ಕೊನೆಯೊಳಗೆ ತಿಳಿಸು ಎಂದು ಕಾಗದ ಬರೆದಿದ್ದರು. ಆ ಕಾಗದ ಅಂಗಡಿಯ ಗಾಜಿನ ಮೇಜಿನ ಕೆಳಗೆ ಮೂರು ವಾರದಿಂದ ಇತ್ತು. ನಾನು ದಿನಾ ಅದನ್ನು ನೋಡುತ್ತಿದ್ದೆ, ಕೇಳುತ್ತಿರಲಿಲ್ಲ. ಪುಸ್ತಕ ಬಂದ ಸಂಜೆ ಅವನಿಗೆ ಕಥೆ ಹೇಳಿದೆ. ಅವನು ಲೆನ್ಸಿನ ಅಂಚು ಉಜ್ಜುತ್ತಿದ್ದವನು ನಿಲ್ಲಿಸಿದ.

“ಕೆಮ್ಮು ಬೇರೆ ಇದೆಯಾ?” ಎಂದ.

“ಇದೆ.”

“ಹಾಗಾದ್ರೆ ಮುಗೀತು ಬಿಡು. ಕೆಮ್ಮು ಅಂತ ಬರೆದು ಕೊಟ್ಟ ಮೇಲೆ ನಮ್ಮೂರೋರು ಅವನನ್ನ ಉಳಿಸ್ತಾರಾ?” ಲೆನ್ಸನ್ನು ಮೇಜಿನ ಮೇಲಿಟ್ಟು ಹೇಳಿದ, “ಈ ಊರು ಮೂರು ಸಲ ಹೇಳಿದೆ ವಾಮನ. ನಾನು ಕೇಳಿಸ್ಕೊಂಡೂ ಕೇಳಿಸ್ಕೊಳ್ಳದೋನ ಹಾಗೆ ಇದ್ದೆ. ಇದು ನಾಲ್ಕನೇ ಸಲ. ಇದೂ ಹಾಗೇ ಮುಗಿದ್ರೆ ಅಕ್ಕನ ಊರಿಗೆ ಹೊರಡ್ತೀನಿ. ನೀನು ಬರೋದಾದ್ರೆ ಬಾ. ಇಲ್ಲಿ ಮಾತ್ರ ನನ್ನ ಕೈಲಿ ಆಗಲ್ಲ.”

ನಾನು ಬರುವುದು ಹೇಗೆ? ಅಲ್ಲಿ ನಾನು ಯಾರು ಎಂದು ಹೇಳಿಕೊಂಡು ಅವನ ಅಕ್ಕನ ಮನೆಯಲ್ಲಿ ಉಣ್ಣಲಿ? ಪುಸ್ತಕವನ್ನೇ ಬೀರುವಿನ ಹಿಂದೆ ತಳ್ಳಿಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಬಂದ ಪುಸ್ತಕದ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿಯಾಗಿತ್ತು, ಬೆಳಿಗ್ಗೆಯೇ ಜನ ಬಂದು ನಿಂತರು.

ಮೊದಲು ಒಯ್ದವನು ಹೋಟೆಲಿನ ಮುನಿಕೃಷ್ಣ. ದೋಸೆ ಹುಯ್ಯುವವನ ಕಥೆ ಎಂದು ಯಾರೋ ಹೇಳಿದ್ದರು, ಉಳಿದದ್ದು ಹೇಳಿರಲಿಲ್ಲ. ಮೂರನೇ ದಿನ ಮುಖ ಕೆಂಪಗೆ ಮಾಡಿಕೊಂಡು ಬಂದ. ಬಂತಪ್ಪ ಗ್ರಹಚಾರ ಎಂದುಕೊಂಡೆ. ಚೀಟಿ ಪೆಟ್ಟಿಗೆಗೆ ಹಾಕಿ, ಹಾಕಿದ ಮೇಲೂ ಸುಮ್ಮನಾಗದೆ ನನ್ನ ಮೇಜಿನ ಮುಂದೆ ನಿಂತ.

“ಬರ್ದೋನು ಜನ್ಮದಲ್ಲಿ ದೋಸೆ ಹುಯ್ದಿಲ್ಲ ಕಣಣ್ಣ. ಕಾವಲಿಗೆ ಈರುಳ್ಳಿ ಉಜ್ಜದೆ ಹಿಟ್ಟು ಹಾಕ್ತಾನಂತೆ. ಹಾಗೆ ಹಾಕಿದ್ರೆ ದೋಸೆ ಕಾವಲಿ ಬಿಟ್ಟೇ ಏಳಲ್ಲ, ಅದೇನು ಗರಿಗರಿ ಅಂತ ಬೇರೆ ಬರೀತಾನೆ.”

“ಇನ್ನೇನೂ ಅನ್ನಿಸಲಿಲ್ವಾ ಮುನಿಕೃಷ್ಣ?”

“ಇನ್ನೇನು? ಓ, ಅವರಿಬ್ಬರದಾ?” ಅವನು ಕುತ್ತಿಗೆ ತುರಿಸಿಕೊಂಡ. “ಮೊದಲು ಒಂಥರಾ ಆಯ್ತು. ಆಮೇಲೆ ಆ ಕ್ಯಾಂಟೀನಿಗೆ ಒಂದು ಕಿಟಕೀನೂ ಇಲ್ಲ ಅಂತ ಗೊತ್ತಾಯ್ತಲ್ಲ, ಅಲ್ಲಿಂದ ನಂಗೆ ಅದೇ ಯೋಚನೆ. ಹೊಗೆ ಕುಡ್ದೂ ಕುಡ್ದೂ ಕೆಮ್ಮದೆ ಇನ್ನೇನು ಮಾಡ್ತಾನೆ ಪಾಪ.”

ಚೀಟಿಯಲ್ಲಿಯೂ ಅದನ್ನೇ ಬರೆದಿದ್ದ. ಕೊನೆಯ ಅಧ್ಯಾಯದಲ್ಲಿ ಕಿಟಕಿ ಇಡಿಸತಕ್ಕದ್ದು, ಆಳು ಉಳಿಯತಕ್ಕದ್ದು. ನಾನು ಅದನ್ನು ನಾಲ್ಕು ಸಲ ಓದಿದೆ. ಬದುಕಿನ ಕಡೆಗೆ ಒಂದು.

ಆಮೇಲೆ ಅಲಮೇಲು ಟೀಚರ್. ನಮ್ಮೂರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ನನಗೂ. ಎಪ್ಪತ್ತೊಂದು ವರ್ಷ, ಎದುರು ಮಾತಾಡಿದರೆ ಈಗಲೂ ಬೆಂಚಿನ ಮೇಲೆ ನಿಲ್ಲಿಸಿಯಾರು. ಅವರ ಅಭಿಪ್ರಾಯ ಯಾವಾಗಲೂ ಒಂದು ಚೀಟಿಯಲ್ಲಿ ಹಿಡಿಸುವುದಿಲ್ಲ, ಈ ಸಲ ಒಂಬತ್ತು ಚೀಟಿಗೆ ಗುಂಡುಸೂಜಿ ಚುಚ್ಚಿ ತಂದಿದ್ದರು, ಲೆಕ್ಕಕ್ಕೆ ಅದು ಒಂದೇ. ಸಲಿಂಗ ಪ್ರೇಮದ ಕಥೆಯ ಕೊನೆಯನ್ನು ಜಗುಲಿಯಲ್ಲಿ ಕೇಳಿದ್ದುಂಟು, ಪೂರ್ತಿ ಓದಿರಲಿಲ್ಲ, ಈ ವಯಸ್ಸಿನಲ್ಲಿ ಹೊಸದೊಂದು ಸಿಕ್ಕಿದ್ದು ಸಂತೋಷ ಎಂದು ಮೊದಲನೇ ಸಾಲು. ಅದಾದ ಮೇಲೆ ಬರೀ ಬೈಗುಳ. ಆರನೇ ಅಧ್ಯಾಯದಲ್ಲಿ ಪ್ರೀತಿ ಹುಟ್ಟಿತು ಎಂದು ಬರೆದುಬಿಟ್ಟರೆ ಸಾಕೇ, ಹೇಗೆ ಹುಟ್ಟಿತು ಎಂದು ತೋರಿಸುವುದು ಬೇಡವೇ? ಗಂಡು ಹೆಣ್ಣಿನ ಕಥೆಯಲ್ಲಿ ಹೀಗೆ ಹಾರಿಸಿದರೆ ನಾವು ಸುಮ್ಮನಿರುತ್ತೇವೆಯೇ? ಇಲ್ಲಿ ಮಾತ್ರ ಲೇಖಕರಿಗೆ ಅದೇನು ಸಂಕೋಚ? ಮಾಧುವಿನ ಚಿಕ್ಕಮ್ಮ ಮುನಿಸಿಕೊಂಡು ಹೋದವಳು ಹೋಗಿಯೇಬಿಟ್ಟಳು, ಸಾಕಿದವಳು ಒಂದು ದಿನವಾದರೂ ಆ ಮನೆಗೆ ಬಂದು ಕೂತು ಊಟ ಮಾಡಬೇಕು. ಒಂಬತ್ತನೇ ಚೀಟಿಯಲ್ಲಿ ಕೆಮ್ಮಿಗೆ ಮದ್ದು. ಆಡುಸೋಗೆ ಸೊಪ್ಪಿನ ರಸ, ಜೇನುತುಪ್ಪ, ಬೆಳಿಗ್ಗೆ ಸಂಜೆ ಒಂದೊಂದು ಚಮಚ, ಎಂಟು ದಿನ.

ಬಟ್ಟೆ ಅಂಗಡಿಯ ನಾಗಭೂಷಣ ಪುಸ್ತಕವನ್ನು ಎರಡು ಬೆರಳಲ್ಲಿ ಹಿಡಿದು ತಂದು ಮೇಜಿನ ಮೇಲೆ ಇಟ್ಟ. ನನ್ನ ಮುಖ ನೋಡಲಿಲ್ಲ. ಅವನ ಚೀಟಿ ಹೀಗಿತ್ತು: “ಪೂರ್ತಿ ಓದಿದ್ದೇನೆ. ಇಂಥ ಪುಸ್ತಕ ನಮ್ಮ ಲೈಬ್ರರಿಗೆ ಬೇಡವಾಗಿತ್ತು. ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ. ಇದು ನನಗೆ ಸರಿ ಕಾಣುವುದಿಲ್ಲ, ಸರಿ ಎಂದು ಯಾರೂ ನನಗೆ ಒಪ್ಪಿಸಲಾರರು. ಆದರೆ ಹನ್ನೆರಡನೇ ಅಧ್ಯಾಯದಿಂದ ಮನುಷ್ಯ ಒಂದೇ ಸಮನೆ ಕೆಮ್ಮುತ್ತಿದ್ದಾನೆ, ಯಾರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಿಲ್ಲ. ಮೊದಲು ಅದು ವಾಸಿಯಾಗಲಿ.” ನನಗೆ ಮೊದಲು ಸಿಟ್ಟು ಹತ್ತಿತು, ಕೊನೆಯ ಸಾಲಿಗೆ ನಗು ಬಂತು. ಇದನ್ನು ಯಾವ ಕಡೆ ಹಾಕುವುದು ಎಂದು ಸ್ವಲ್ಪ ಯೋಚಿಸಿ ಬದುಕಿನ ಕಡೆಗೇ ಹಾಕಿಕೊಂಡೆ. ವಾಸಿಯಾಗಲಿ ಎಂದರೆ ಬದುಕಲಿ ಎಂದೇ ಅಲ್ಲವೇ.

ಹೊಸದಾಗಿ ಮದುವೆಯಾಗಿ ಬಂದ ಶಾಂಭವಿ ಓದಿ ಅತ್ತಳು. ಅಳು ಬಂದದ್ದು ಕೆಮ್ಮಿಗಲ್ಲ. “ಮಾಧು ಕೆಲಸ ಮುಗಿಸಿ ಬಂದು ಜಯಣ್ಣನ ಕಾಲು ಒತ್ತುತ್ತಾನೆ. ನಮ್ಮವರು ಒಂದು ದಿನ ಒತ್ತಿಲ್ಲ. ಇಬ್ಬರೂ ಚೆನ್ನಾಗಿರಲಿ” ಎಂದು ಬರೆದಿದ್ದಳು. ಎರಡು ದಿನ ಬಿಟ್ಟು ಅವಳ ಗಂಡ ಅದೇ ಪುಸ್ತಕ ಕೇಳಿಕೊಂಡು ಬಂದ, ಏನು ಬರೆದಿದೆ ನೋಡಿಯೇ ಬಿಡುತ್ತೇನೆ ಎನ್ನುವ ಮುಖದಲ್ಲಿ. ಅವನ ಚೀಟಿ: “ಕಾಲು ಒತ್ತುವ ವಿಷಯ ಅತಿಯಾಯಿತು. ಉಳಿದದ್ದು ಪರವಾಗಿಲ್ಲ. ಬದುಕಲಿ.” ಐದು.

ಐದಾದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು. ಇನ್ನು ಒಂದೇ ಒಂದು ಸಾಕು. ಅದೇ ದಿನ ವಜ್ರಪ್ಪನವರು ಬಂದರು.

ವಜ್ರಪ್ಪನವರು ನಮ್ಮ ಲೈಬ್ರರಿ ಸಮಿತಿಯ ಅಧ್ಯಕ್ಷರು, ಅಕ್ಕಿ ಗಿರಣಿ ಇದೆ, ದೊಡ್ಡ ಆಳು, ದೊಡ್ಡ ಕರವಸ್ತ್ರ. ಯಾವ ಪುಸ್ತಕ ಕೊಡಿ, ಅವರ ಚೀಟಿಯಲ್ಲಿ ಒಂದು ಸಾವು ಇದ್ದೇ ಇರುತ್ತದೆ. ಸಾವಿಲ್ಲದ ಪುಸ್ತಕಕ್ಕೆ ತೂಕ ಇಲ್ಲ ಎನ್ನುತ್ತಾರೆ. ನಾನು ಪುಸ್ತಕ ಬೈಂಡಿಂಗಿಗೆ ಹೋಗಿದೆ ಎಂದೆ.

“ಹೊಸ ಪುಸ್ತಕಕ್ಕೆ ಎಂಥ ಬೈಂಡಿಂಗಯ್ಯ?” ಎಂದರು. “ಅಲ್ಲದೆ ನೀನು ಅದರ ಮೇಲೇ ಕೂತಿದೀಯಲ್ಲ.”

ಎದ್ದು ಕೊಟ್ಟೆ. ಮರ್ಯಾದೆ ಹೋಯಿತು. ಅವರು ಎರಡೇ ದಿನದಲ್ಲಿ ಓದಿ ಮುಗಿಸಿದರು, ಅವರ ಹಿಂದೆಯೇ ಬೆಳಿಗ್ಗೆ ಅವರ ಜೊತೆ ವಾಕಿಂಗ್ ಹೋಗುವ ನಾಲ್ವರು ಸರದಿಯಂತೆ ಒಯ್ದು ಓದಿದರು. ವಜ್ರಪ್ಪನವರ ಚೀಟಿಯಲ್ಲಿ ಜಯಣ್ಣ ಮಾಧುವಿನ ತೊಡೆಯ ಮೇಲೆ ಸಾಯಬೇಕು, ಹೊರಗೆ ಬಸ್ಸಿನ ಹಾರನ್ ಕೇಳಿಸಬೇಕು ಎಂದಿತ್ತು. ಉಳಿದ ನಾಲ್ಕರಲ್ಲಿ ಅಧ್ಯಕ್ಷರು ಬರೆದ ಹಾಗೆಯೇ ಎಂದಿತ್ತು. ಐದಕ್ಕೆ ಐದಾಯಿತು.

ಅವರು ಸಾವು ಕೇಳುವವರೆಂದು ಗೊತ್ತಿದ್ದರೂ ಈ ಸಲ ಅದು ನನ್ನನ್ನೇ ಚುಚ್ಚಿತು. ತಡೆಯಲಾಗಲಿಲ್ಲ. “ಅಧ್ಯಕ್ಷರೇ, ಅವನು ಯಾಕೆ ಸಾಯಬೇಕು?” ಎಂದು ಕೇಳಿಯೇಬಿಟ್ಟೆ. “ಇಬ್ಬರೂ ಗಂಡಸರು ಅಂತಲಾ?”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಅದಕ್ಕೂ ಇದಕ್ಕೂ ಏನಯ್ಯ ಸಂಬಂಧ? ಒಳ್ಳೆಯೋನು ಕಣಯ್ಯ ಅವನು, ಆ ಜಯಣ್ಣ. ಕೆಟ್ಟೋನು ಸತ್ರೆ ಯಾರಿಗೆ ಅಳು ಬರುತ್ತೆ?” ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. “ನಮ್ಮನೆಯೋಳು ಹೋದಾಗ ಮನೆ ತುಂಬ ಜನ. ಬಂದೋರಿಗೆ ಕಾಫಿ ಆಯ್ತಾ, ಪುರೋಹಿತರು ಬಂದ್ರಾ ಅಂತ ನೋಡ್ಕೊಳ್ಳೋದ್ರಲ್ಲೇ ನಂಗೆ ಅಳೋಕಾಗ್ಲಿಲ್ಲ. ಆಮೇಲೆ ಅಳು ಬರಲೇ ಇಲ್ಲ. ಈಗ ಜಗುಲೀಲಿ ನೀನು ಓದ್ತೀಯಲ್ಲ, ಆಗ ಅಳ್ತೀನಿ. ಯಾರೂ ಏನೂ ಕೇಳಲ್ಲ.”

ಇಪ್ಪತ್ತೆರಡು ವರ್ಷ ಆ ಮನುಷ್ಯನ ಕರವಸ್ತ್ರ ಕಂಡರೆ ನನಗೆ ಆಗುತ್ತಿರಲಿಲ್ಲ. ಅವರು ನಮ್ಮಂಥವರನ್ನು ಕೊಲ್ಲುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ತಮ್ಮ ಹೆಂಡತಿಗಾಗಿ ಅಳುತ್ತಿದ್ದರು.

ಮಾರನೇ ದಿನ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ನಿಂತಿದ್ದೆ. ಪದ್ಮರಾಜ ಸ್ನಾನ ಮುಗಿಸಿ ಬಂದು ಬಾಗಿಲಿಗೆ ಒರಗಿ ಎಷ್ಟಾಯಿತು ಎಂದು ಕೇಳಿದ. ಐದು ಐದು ಎಂದೆ.

“ಹನ್ನೊಂದನೇದು ಯಾರು?”

“ಇನ್ನೂ ಯಾರೂ ಕೇಳಿಲ್ಲ.” ಅಷ್ಟು ಹೇಳಿದವನು ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ವಜ್ರಪ್ಪನವರ ಮಾತು ಕೇಳಿದಾಗಿನಿಂದ ಒಂದು ವಿಷಯ ಒಳಗೇ ಕುಟುಕುತ್ತಿತ್ತು. “ಪದ್ಮರಾಜ, ನಿನಗೊಂದು ಹೇಳ್ಬೇಕು. ಮೊದಲನೇ ಪುಸ್ತಕ ಬಂದಿತ್ತಲ್ಲ, ಕೆರೆಗೆ ಬಿದ್ದು ಸತ್ತಿದ್ದು. ಅದಕ್ಕೆ ನಾನೂ ಚೀಟಿ ಹಾಕಿದ್ದೆ. ಸಾಯಲಿ ಅಂತ ಬರ್ದಿದ್ದೆ.”

ಅವನು ಹೆಗಲ ಮೇಲಿನ ಟವೆಲ್ ತೆಗೆದು ಬಾಗಿಲಿಗೆ ಹಾಕಿದ.

“ಗುಂಡಾಚಾರ್ ಎಲ್ಲರ ಅಕ್ಷರಾನೂ ಗುರುತು ಹಿಡೀತಿದ್ರು. ಬದುಕಲಿ ಅಂತ ಬರೆದ್ರೆ ವಾಮನ ಯಾಕೆ ಹಾಗೆ ಬರೆದ ಅಂತ ಯೋಚಿಸ್ತಾರೆ, ಮಹಡಿ ಕೋಣೆಗೆ ಯಾರು ಬಂದಿದ್ದಾರೆ ಅಂತ ನೆನಪಾಗುತ್ತೆ ಅಂದ್ಕೊಂಡೆ. ನೀನು ಬಂದು ಆಗ ಮೂರು ತಿಂಗಳು ಅಷ್ಟೇ. ಹೆದರಿಕೆ ಆಯ್ತು. ಇಂಥವರಿಗೆ ಇದೇ ಸರಿ ಅಂತ ಬೇರೆ ಸೇರಿಸಿದ್ದೆ.”

ಪದ್ಮರಾಜ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಕನ್ನಡಕದ ಅಂಗಡಿ ಇಟ್ಟವನು, ಬೇರೆ ಯಾರಾದರೂ ಅಂಗಿಯಲ್ಲಿ ಒರೆಸಿದರೆ ಗದರುವವನು. ಹೋಗುತ್ತಾನೆ, ಇವತ್ತೇ ಹೋಗುತ್ತಾನೆ ಎಂದುಕೊಂಡೆ.

“ನಾನೂ ಬರ್ದಿದ್ದೆ,” ಎಂದ.

“ಏನಂತ?”

“ಕೆರೆಗೆ ಬೀಳಲಿ ಅಂತ. ನೀನು ಬರೀ ಸಾಯಲಿ ಅಂದಿದ್ದೆ. ಕೆರೆ ನಂದು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆ ಸಲ ಸಾವಿಗೆ ಬಿದ್ದ ಚೀಟಿ ಆರು, ಬದುಕಿಗೆ ಐದು ಎಂದು ಗುಂಡಾಚಾರ್ ಜಗುಲಿಯಲ್ಲಿ ಹೇಳಿದ್ದು ಇಬ್ಬರಿಗೂ ನೆನಪಿತ್ತು. ಅಂದರೆ ಊರಿನ ಐದು ಜನ ಅವನು ಬದುಕಲಿ ಎಂದಿದ್ದರು. ಯಾರವರು ಎಂದು ನಾವು ಒಂದು ದಿನವೂ ಯೋಚಿಸಿರಲಿಲ್ಲ. ಸಾಯಲಿ ಎಂದ ಆರರಲ್ಲಿ ಇಬ್ಬರು ನಾವೇ. ನಾವೇ ಅವನನ್ನು ಕೆರೆಗೆ ನೂಕಿ, ಊರು ನೂಕಿತು ಎಂದು ಇಪ್ಪತ್ತೆರಡು ವರ್ಷ ಗೋಳಾಡಿದ್ದೆವು. ಮೊದಲು ಅವನು ನಕ್ಕನೋ ನಾನು ನಕ್ಕೆನೋ ಗೊತ್ತಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ನಗುವಿನ ನೀರಾಗಿ ಉಳಿಯಲಿಲ್ಲ. ಹಾಲು ಉಕ್ಕಿ ಒಲೆಯೆಲ್ಲ ಆಯಿತು. ಒರೆಸುತ್ತಾ ಅವನು ಪುಸ್ತಕ ತಂದುಕೊಡು, ನಾನು ಓದುತ್ತೇನೆ ಎಂದ.

ಆ ಮೊದಲನೇ ಪುಸ್ತಕದ ನಂತರ ಅವನು ಲೈಬ್ರರಿ ಕಾರ್ಡು ಮುಟ್ಟಿರಲಿಲ್ಲ. ಜಗುಲಿಗೆ ಬಂದರೂ ಕಂಬದ ಪಕ್ಕ ನಿಂತು ಕೇಳಿ ಹೋಗುತ್ತಿದ್ದ. ಈಗ ನಾಲ್ಕು ದಿನ ಅಂಗಡಿಯಲ್ಲಿ ಕೂತು ಓದಿದ. ಗಿರಾಕಿ ಬಂದರೆ ಪುಸ್ತಕ ಬೋರಲು ಹಾಕಿ ಏಳುತ್ತಿದ್ದ. ನಾನು ದಿನಕ್ಕೆ ಮೂರು ಸಲ ಏನಾದರೊಂದು ನೆಪ ಮಾಡಿಕೊಂಡು ಆ ಕಡೆ ಹೋಗುತ್ತಿದ್ದೆ. ಎಷ್ಟನೇ ಅಧ್ಯಾಯ ಎಂದರೆ ಹೇಳುತ್ತಿದ್ದ, ಹೇಗಿದೆ ಎಂದರೆ ಹೇಳುತ್ತಿರಲಿಲ್ಲ. ಅಕ್ಕನ ಕಾಗದ ಗಾಜಿನ ಕೆಳಗೆ ಹಾಗೆಯೇ ಇತ್ತು. ಮೇ ತಿಂಗಳು ಮುಗಿಯಲು ಆರು ದಿನ ಇತ್ತು.

ಊರು ಹೇಳಲಿ ಎಂದು ಕಾದವನು ಅವನು. ಊರು ಅರ್ಧ ಆ ಕಡೆ, ಅರ್ಧ ಈ ಕಡೆ ಹೇಳಿ ಕೈಬಿಟ್ಟಿತ್ತು. ಇನ್ನು ಅವನೇ ಹೇಳಬೇಕಾಗಿತ್ತು. ಅವನಿಗೆ ಹೋಗುವ ಮನಸ್ಸೇ ಇದ್ದರೆ ಅದನ್ನು ಬರೆಯುವುದಕ್ಕೂ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ ಎಂದು ನನಗೆ ಅನ್ನಿಸಿ ಊಟ ಸೇರುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಬಂದು ಮಡಿಸಿದ ಚೀಟಿಯನ್ನು ಪೆಟ್ಟಿಗೆಗೆ ಹಾಕಿದ. “ಓದ್ಬೇಡ,” ಎಂದ. “ಓದಬಹುದು ಅಂತಿದೆ ನಿಮ್ಮ ನಿಯಮದಲ್ಲಿ. ಓದಲೇಬೇಕು ಅಂತಿಲ್ಲ.” ಅವನು ಹೋದ ಮೇಲೆ ಪೆಟ್ಟಿಗೆಯ ಬೀಗದ ಕೈಯನ್ನು ಮೂರು ಸಲ ಜೇಬಿನಿಂದ ತೆಗೆದೆ, ಮೂರು ಸಲ ಒಳಗಿಟ್ಟೆ.

ಭಾನುವಾರ ಜಗುಲಿ ತುಂಬಿತ್ತು. ಅಲಮೇಲು ಟೀಚರಿಗೆ ಕುರ್ಚಿ, ವಜ್ರಪ್ಪನವರಿಗೆ ಕುರ್ಚಿ. ಶಾಂಭವಿ ಗಂಡನ ಪಕ್ಕದಲ್ಲೇ ಕೂತಿದ್ದಳು. ನಾಗಭೂಷಣ ಬರುವುದಿಲ್ಲ ಎಂದುಕೊಂಡಿದ್ದೆ, ಬಂದು ಮೂಲೆಯಲ್ಲಿ ಕೂತ. ಪದ್ಮರಾಜ ಕಂಬದ ಹತ್ತಿರ ನಿಲ್ಲದೆ ಉಳಿದ ಓದುಗರ ಜೊತೆ ಚಾಪೆಯ ಮೇಲೆ ಕೂತ. ನಾನು ಹದಿನೆಂಟನೇ ಅಧ್ಯಾಯ ತೆರೆದೆ. ಹಾಳೆ ತುಂಬ ಅಕ್ಷರ. ಸಾವು ಎಲ್ಲಿದೆ ಎಂದು ಕಣ್ಣು ಮುಂದೆ ಮುಂದೆ ಓಡುತ್ತಿತ್ತು, ಬಾಯಿ ಹಿಂದೆ ಹಿಂದೆ ಎಡವುತ್ತಿತ್ತು. ನೆಟ್ಟಗೆ ಓದಯ್ಯ ಎಂದು ಟೀಚರ್ ಗದರಿದರು.

ನೆಟ್ಟಗೆ ಓದಿದೆ. ಕ್ಯಾಂಟೀನಿಗೆ ಕಿಟಕಿ ಬಂತು. ಮುನಿಕೃಷ್ಣ ತಲೆ ಆಡಿಸಿದ. ಮಾಧು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಚಿಕ್ಕಮ್ಮ ಒಂದು ಕಂತೆ ಆಡುಸೋಗೆ ಸೊಪ್ಪು ಹಿಡಿದು ಬಂದಳು, ಹೊಸಿಲ ಹೊರಗೇ ಕೊಟ್ಟು ಹೋಗುತ್ತೇನೆಂದವಳ ಕೈಗೆ ಜಯಣ್ಣ ತಟ್ಟೆ ಕೊಟ್ಟ, ಕೂತು ಉಂಡಳು, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದಳು. ಎಂಟು ದಿನಕ್ಕೆ ಕೆಮ್ಮು ನಿಂತಿತು. ಆ ಸಾಲನ್ನು ಎರಡು ಸಲ ಓದಿದೆ. ಆಮೇಲೆ ಮಾಧು ಇಪ್ಪತ್ತು ವರ್ಷ ರಿಪೇರಿ ಮಾಡಿದ ಹಳೇ ಬಸ್ಸನ್ನು ಗುಜರಿಗೆ ಎಳೆದುಕೊಂಡು ಹೋದರು. ಹೋಗುವಾಗ ಡ್ರೈವರ್ ಕೊನೇ ಸಲ ಹಾರನ್ ಹೊಡೆದ. ಮಾಧು ಡಿಪೋ ಗೇಟಿನಲ್ಲಿ ನಿಂತು ಅತ್ತ. ವಜ್ರಪ್ಪನವರ ಕರವಸ್ತ್ರ ಹೊರಗೆ ಬಂತು, ಅವರು ಚೆನ್ನಾಗಿಯೇ ಅತ್ತರು. ಯಾರೂ ಏನೂ ಕೇಳಲಿಲ್ಲ. ನಾನು ಅವರು ಮುಗಿಸುವವರೆಗೆ ಕಾದು ಮುಂದೆ ಓದಿದೆ.

ಕೊನೆಯ ಪುಟದಲ್ಲಿ ಜಗಳ. ಮನೆಯ ನೀಲಿ ನೀರಿನ ಡ್ರಮ್ಮನ್ನು ಮಾಧು ಬಚ್ಚಲ ಬಾಗಿಲ ಹಿಂದೆ ಇಟ್ಟಿದ್ದಾನೆ. ಬಾಗಿಲು ಪೂರ್ತಿ ತೆರೆಯುವುದಿಲ್ಲ, ಓರೆಯಾಗಿ ನುಗ್ಗಬೇಕು, ದಿನಾ ಜಯಣ್ಣನ ಎಡ ಮೊಣಕೈ ಚಿಲಕಕ್ಕೆ ತಗಲುತ್ತದೆ. ಅಡುಗೆಮನೆ ಗೋಡೆಗೆ ಇಡು ಎಂದರೆ ಪೈಪು ಅಲ್ಲಿವರೆಗೆ ಬರುವುದಿಲ್ಲ ಎನ್ನುತ್ತಾನೆ ಮಾಧು. ಇದು ಯಾವ ಲೇಖಕನಿಗೂ ಗೊತ್ತಿರಲು ಸಾಧ್ಯವಿಲ್ಲ. ಇದು ನಮ್ಮ ಮನೆಯ ಜಗಳ, ಪೈಪಿನ ಮಾತು ನನ್ನದೇ ಮಾತು, ಆ ಮೊಣಕೈ ಚಾಪೆಯ ಮೇಲೆ ಕೂತವನದು. ಚೀಟಿಯಲ್ಲಿ ಅವನು ಏನು ಬರೆದಿದ್ದ ಎಂದು ಈಗ ಗೊತ್ತಾಯಿತು. ಅವನ ಕಡೆ ನೋಡುವ ಧೈರ್ಯ ಬರಲಿಲ್ಲ. ಕೊನೆಯ ಸಾಲು ಓದಿದೆ: “ನಾಳೆ ತೆಗೀತೀನಿ ಬಿಡು ಎಂದ ಮಾಧು, ಅವನು ಹಾಗೆ ಹೇಳುತ್ತಾ ಬಂದದ್ದಕ್ಕೆ ಈ ಶ್ರಾವಣಕ್ಕೆ ಹನ್ನೆರಡು ವರ್ಷ.”

ಮುಗಿಯಿತೋ ಇನ್ನೂ ಇದೆಯೋ ಎಂದು ಮುನಿಕೃಷ್ಣ ಕೇಳಿದ. ಮುಗಿಯಿತು ಎಂದೆ. ಅಡುಗೆಮನೆ ಗೋಡೆಗೆ ಇಟ್ಟರೇ ಅನುಕೂಲ ಎಂದು ಮೂಲೆಯಿಂದ ನಾಗಭೂಷಣ ಹೇಳಿದ, ಗೋಡೆ ನೋಡಿಕೊಂಡು.

ಅಲಮೇಲು ಟೀಚರ್ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು, ಆಮೇಲೆ ಚಾಪೆಯ ಕಡೆ ನೋಡಿದರು. ಆ ನೋಟ ನನಗೆ ಒಂದನೇ ಕ್ಲಾಸಿನಿಂದ ಗೊತ್ತು. ಏನೂ ಬಚ್ಚಿಡಲು ಆಗುವುದಿಲ್ಲ.

“ಪದ್ಮರಾಜ್ ಅವ್ರೇ,” ಎಂದರು, “ನಿಮ್ಮಿಬ್ರ ಮನೇಲಿ ಡ್ರಮ್ ಎಲ್ಲಿದೆ?”

ನಾನು ಬಾಡಿಗೆಯವನು, ನನಗೇನು ಗೊತ್ತು ಎನ್ನಬಹುದಿತ್ತು ಅವನು. ಇಪ್ಪತ್ತೆರಡು ವರ್ಷದಿಂದ ಅದನ್ನೇ ಅಂದಿದ್ದ. ಜಗುಲಿ ತುಂಬ ಜನ ಇದ್ದರು. ಅವನು ಎಡಗೈ ತೋಳು ಮೇಲೆ ಸರಿಸಿದ. ಮೊಣಕೈ ಮೇಲೆ ಕಪ್ಪು ಗಾಯದ ಕಲೆ ಇತ್ತು.

“ಬಚ್ಚಲ ಬಾಗಿಲ ಹಿಂದೇನೇ ಟೀಚರ್. ಬಂದಾಗಿಂದ ಹೇಳ್ತಿದೀನಿ, ಇವನು ಕೇಳೋದೇ ಇಲ್ಲ.”

ಇವನು ಎಂದ. ಎಲ್ಲರ ಮುಂದೆ, ನನ್ನನ್ನು, ಇವನು ಎಂದ. ಶಾಂಭವಿ ಗಂಡನ ಪಕ್ಕೆಗೆ ತಿವಿದಳು. ವಜ್ರಪ್ಪನವರು ಮೂಗು ಒರೆಸಿಕೊಂಡು, ಅಲ್ಲ ಕಣಯ್ಯ, ಎರಡು ಮಾರು ಪೈಪು ತಂದು ಜೋಡಿಸೋಕೆ ನಿಂಗೇನಾಗಿದೆ ಎಂದು ನನ್ನ ಮೇಲೆ ಬಿದ್ದರು. ನನಗೆ ಅಳು ಬರುತ್ತಿತ್ತು, ಅದನ್ನು ಬಿಟ್ಟು ಬೇರೆ ಏನಾದರೂ ಹೇಳಬೇಕಾಗಿತ್ತು.

“ಏನಯ್ಯ ವಾಮನ,” ಎಂದರು ಟೀಚರ್, “ತೆಗೆದಿಟ್ರೆ ನಿನ್ನ ಗಂಟೇನು ಹೋಗುತ್ತೆ?”

“ನಾಳೆ ತೆಗೀತೀನಿ ಟೀಚರ್,” ಎಂದೆ.

ಜಗುಲಿಗೆ ಜಗುಲಿಯೇ ನಕ್ಕಿತು. ನಗು ಇಳಿಯುವವರೆಗೆ ಪದ್ಮರಾಜ ತೋಳು ಇಳಿಸಿಕೊಂಡು ಕಾದ.

“ಅದು ತೆಗೆಯೋವರೆಗೂ ನಾನು ಎಲ್ಲಿಗೂ ಬರಲ್ಲ ಅಂತ ನಮ್ಮಕ್ಕಂಗೆ ಬರೆದುಬಿಡ್ತೀನಿ,” ಎಂದ.

ಆ ಡ್ರಮ್ಮು ಈಗಲೂ ಅಲ್ಲೇ ಇದೆ.